ಗೇರ್‌ಬಾಕ್ಸ್ ಇಳಿಸದೆಯೇ ನಿಂತ ಎಣ್ಣೆ ಸೋರಿಕೆ: ಬಳ್ಳಾರಿ ಕೌಲ್ ಬಜಾರಿನ ಒಂದು ಚಿಕ್ಕ ಗ್ಯಾರೇಜ್

ನಮ್ಮ ಮನೆಯಲ್ಲಿರುವುದು 1996ರ ಮಾರುತಿ 800. ಕಾರ್ಬ್ಯುರೇಟರ್ ಮತ್ತು ಪಾಯಿಂಟ್ ಸೆಟ್ (ಕಿಡಿ ಹುಟ್ಟಿಸಲು ತೆರೆದು ಮುಚ್ಚುವ ಸ್ವಿಚ್) ಇರುವ, 796 ಸಿಸಿಯ ಮೂರು ಸಿಲಿಂಡರ್ ಎಂಜಿನ್. ತಂದೆಯವರು ಕೊಂಡ ಕಾರಾದ್ದರಿಂದ ಮಾರುವ ಮಾತನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಕಳೆದ ಬೇಸಿಗೆಯಲ್ಲಿ ಕಾರು ನಿಲ್ಲಿಸುವ ಜಾಗದಲ್ಲಿ ಅಂಗೈಯಗಲದ ಎಣ್ಣೆ ಕಲೆ ಬೀಳತೊಡಗಿತು. ಬಾನೆಟ್ ಎತ್ತಿ ನೋಡಿದರೆ ಎಂಜಿನ್ನೂ ಗೇರ್‌ಬಾಕ್ಸೂ ಕೂಡುವ ಕಡೆಯೆಲ್ಲ, ಹೊಸಪೇಟೆ ರಸ್ತೆಯ ಅದಿರಿನ ಧೂಳು ಎಣ್ಣೆಯಲ್ಲಿ ಕಲೆತು ಕೆಂಪು ಮಡ್ಡಿಯಾಗಿ ಅಂಟಿಕೊಂಡಿತ್ತು.

ಮೊದಲು ತೋರಿಸಿದ ಗ್ಯಾರೇಜಿನವರು ಕೆಳಗಿನಿಂದ ಒಮ್ಮೆ ಟಾರ್ಚ್ ಹಾಕಿ ನೋಡಿ, ಫ್ಲೈವೀಲ್ (ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಭಾರದ ಚಕ್ರ) ಕಡೆಯ ಆಯಿಲ್ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಲೇಬೇಕು, ಇಳಿಸಿದ ಮೇಲೆ ಕ್ಲಚ್ ಪ್ಲೇಟನ್ನೂ ಬದಲಿಸುವುದು ಒಳ್ಳೆಯದು ಎಂದು 6,500 ರೂಪಾಯಿಯ ಲೆಕ್ಕ ಕೊಟ್ಟರು. ನಾನು ಹಿಂಜರಿದಾಗ ಪ್ಲಗ್‌ಗಳಿಗೆ ಸರದಿಯಂತೆ ಕಿಡಿಯ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರಿನ ಬುಡಕ್ಕೆ ಹೊರಗಿನಿಂದ ಗ್ಯಾಸ್ಕೆಟ್ ಪೇಸ್ಟ್ ಮೆತ್ತಿ ಕಳುಹಿಸಿದರು. ಎಣ್ಣೆ ಪಸೆಯಿರುವ ಲೋಹಕ್ಕೆ ಪೇಸ್ಟ್ ಹಿಡಿಯುವುದಿಲ್ಲವಾದ್ದರಿಂದ ಎಂಟೇ ದಿನಕ್ಕೆ ಕಲೆ ಮತ್ತೆ ಕಾಣಿಸಿತು.

ಆಮೇಲೆ ಸ್ನೇಹಿತರೊಬ್ಬರ ಮಾತಿನ ಮೇಲೆ ಕೌಲ್ ಬಜಾರಿನ ಈ ಗ್ಯಾರೇಜಿಗೆ ಹೋದೆ. ಒಂದು ಶಟರಿನ ಅಂಗಡಿ, ಹೆಸರಿನ ಫಲಕವಿಲ್ಲ. ಅರುವತ್ತರ ಆಸುಪಾಸಿನ ಮೇಸ್ತ್ರಿಯೊಬ್ಬರು, ಅವರ ಕೈಕೆಳಗೆ ಒಬ್ಬ ಹುಡುಗ. ನಾನು ಗೇರ್‌ಬಾಕ್ಸಿನ ವಿಷಯ ಹೇಳಿದಾಗ ಅವರು, "ಅದನ್ನ ಈಗ್ಲೇ ಮುಟ್ಟೋದು ಬ್ಯಾಡ್ರಿ ಸರ, ಎಣ್ಣಿ ಎಲ್ಲಿಂದ ಇಳೀತೈತಿ ಅಂತ ಮೊದ್ಲು ನೋಡೋಣ್ರಿ" ಎಂದರು. ಈ ಗ್ಯಾರೇಜಿನ ಬಗ್ಗೆ ನಾನು ಹೇಳಬೇಕಾದ ಮುಖ್ಯ ಮಾತು ಇದೇ: ಸೋರುವ ಜಾಗ ಕಣ್ಣಿಗೆ ಕಾಣುವವರೆಗೆ ಅವರು ಒಂದು ಬೋಲ್ಟನ್ನೂ ಬಿಚ್ಚಲಿಲ್ಲ.

ಈ ಎಂಜಿನ್ನಿನಲ್ಲಿ ಡಿಸ್ಟ್ರಿಬ್ಯೂಟರ್ ಕೂರುವುದು ಸಿಲಿಂಡರ್ ಹೆಡ್ಡಿನ ಗೇರ್‌ಬಾಕ್ಸ್ ಕಡೆಯ ತುದಿಯಲ್ಲಿ, ಕ್ಯಾಮ್‌ಶಾಫ್ಟಿನ ಹಲ್ಲುಗಳಿಂದ ತಿರುಗುವಂತೆ. ಅಲ್ಲಿ ಜಿನುಗಿದ ಎಣ್ಣೆ ನೇರವಾಗಿ ಗೇರ್‌ಬಾಕ್ಸಿನ ಮೇಲೆ ಇಳಿದು ತಳದಲ್ಲಿ ತೊಟ್ಟಿಕ್ಕುವುದರಿಂದ, ಕೆಳಗಿನಿಂದ ನೋಡುವವರಿಗೆ ಅದು ಫ್ಲೈವೀಲ್ ಸೀಲಿನ ಸೋರಿಕೆಯಂತೆಯೇ ಕಾಣುತ್ತದೆ. ಮೇಸ್ತ್ರಿ ಆ ಭಾಗವನ್ನೆಲ್ಲ ಸೀಮೆಎಣ್ಣೆಯಲ್ಲಿ ಬ್ರಷ್ಷಿನಿಂದ ತೊಳೆಸಿ, ಗಾಳಿ ಹೊಡೆಸಿ, ಒಣಗಿದ ಮೇಲೆ ಮುಖಕ್ಕೆ ಹಚ್ಚುವ ಪೌಡರಿನ ಡಬ್ಬಿ ತಂದು ಡಿಸ್ಟ್ರಿಬ್ಯೂಟರಿನ ಬುಡದಿಂದ ಕೆಳಗಿನವರೆಗೆ ತೆಳ್ಳಗೆ ಉದುರಿಸಿದರು. ಎಂಜಿನ್ ಚಾಲೂ ಮಾಡಿ ಇಪ್ಪತ್ತು ನಿಮಿಷ ಬಿಟ್ಟೆವು. ಬೆಳ್ಳಗಿನ ಪೌಡರಿನ ಮೇಲೆ, ಡಿಸ್ಟ್ರಿಬ್ಯೂಟರಿನ ಕಾಲು ಒಳಗೆ ಇಳಿಯುವ ಸಂದಿನಿಂದ ಜೇನಿನ ಬಣ್ಣದ ಒಂದು ಎಳೆ ನಿಧಾನವಾಗಿ ಇಳಿದು ಬಂದದ್ದನ್ನು ನಾನೇ ಕಣ್ಣಾರೆ ನೋಡಿದೆ.

ಬಳಿಕ ಕ್ಯಾಪ್ ತೆಗೆದು ಒಳಗೆ ಬೆರಳಾಡಿಸಿದರು. ಒಳಗೆ ಎಣ್ಣೆಯಿದ್ದಿದ್ದರೆ ಶಾಫ್ಟಿನ ಸೀಲೇ ಹೋಗಿದೆ ಎಂದಾಗುತ್ತಿತ್ತು, ಕೆಲಸವೂ ದೊಡ್ಡದಾಗುತ್ತಿತ್ತು. ಒಳಗೆಲ್ಲ ಒಣಗಿತ್ತು. ಆದ್ದರಿಂದ ಬದಲಿಸಬೇಕಾದದ್ದು ಹೊರಗಿನ ಓ-ರಿಂಗ್ (ಎಣ್ಣೆ ತಡೆಯುವ ರಬ್ಬರ್ ಬಳೆ) ಒಂದೇ.

ಬಿಚ್ಚುವ ಮೊದಲು ಅವರು ವಹಿಸಿದ ಎಚ್ಚರವನ್ನು ವಿವರವಾಗಿಯೇ ಬರೆಯಬೇಕು. ಪ್ಲಗ್ ವೈರುಗಳಿಗೆ ಒಂದು, ಎರಡು, ಮೂರು ಗಂಟುಗಳ ದಾರ ಕಟ್ಟಿದರು. ಈ ಎಂಜಿನ್ನಿನ ಸಿಲಿಂಡರುಗಳಿಗೆ ಕಿಡಿ ಸಿಗುವ ಕ್ರಮ 1-3-2, ಒಂದು ವೈರು ಅದಲುಬದಲಾದರೂ ಸರಿಯಾಗಿ ಓಡುವುದಿಲ್ಲ. ಡಿಸ್ಟ್ರಿಬ್ಯೂಟರಿನೊಳಗೆ ತಿರುಗುವ ರೋಟರ್ ಯಾವ ಕಡೆ ಮುಖ ಮಾಡಿದೆಯೆಂದು ಒಂದು ಗೀರು, ಡಿಸ್ಟ್ರಿಬ್ಯೂಟರಿನ ಮೈಗೂ ಅದು ಕೂರುವ ಕೇಸಿಗೂ ಸೇರಿದಂತೆ ಇನ್ನೊಂದು ಗೀರು ಎಳೆದರು. ಹಲ್ಲುಗಳು ಓರೆಯಾಗಿರುವುದರಿಂದ ಮೇಲೆತ್ತುವಾಗ ರೋಟರ್ ಸ್ವಲ್ಪ ತಿರುಗಿಕೊಳ್ಳುತ್ತದೆ; ಅದು ತಿರುಗಿ ನಿಂತ ಜಾಗಕ್ಕೂ ಗುರುತು ಮಾಡಿ, ಮರಳಿ ಕೂರಿಸುವಾಗ ಆ ಗುರುತಿನಿಂದಲೇ ಇಳಿಸಿದಾಗ ರೋಟರ್ ತಾನಾಗಿ ಮೊದಲಿನ ಗೀರಿಗೆ ಬಂದು ನಿಂತಿತು. ಹೊರಬಂದ ಹಳೆಯ ರಿಂಗನ್ನು ನನ್ನ ಕೈಗಿಟ್ಟರು. ದುಂಡಗಿರಬೇಕಾದ ರಬ್ಬರು ಚಪ್ಪಟೆಯಾಗಿ, ಬಗ್ಗಿಸಿದೊಡನೆ ಬಳೆಚೂರಿನಂತೆ ಮುರಿಯಿತು.

ಹೊಸ ರಿಂಗಿಗೆ ಮಾಮೂಲಿ ನೈಟ್ರೈಲ್ ರಬ್ಬರಿನ ಬದಲು ವೈಟಾನ್ ಬಗೆಯದನ್ನು ಅವರೇ ಸೂಚಿಸಿದರು. ಅದು ಸುಮಾರು 200 ಡಿಗ್ರಿಯ ಕಾವನ್ನು ತಾಳುತ್ತದೆ. ಬೇಸಿಗೆಯಲ್ಲಿ ಗಾಳಿಯೇ 40 ಡಿಗ್ರಿ ದಾಟುವ ನಮ್ಮ ಊರಿನಲ್ಲಿ ಈ ಆಯ್ಕೆ ಸರಿಯೆಂದೇ ನನ್ನ ಅಭಿಪ್ರಾಯ. 1983ರ ಕೊನೆಗೆ ರಸ್ತೆಗಿಳಿದ ಈ ಕಾರು 2014ರ ಆರಂಭದವರೆಗೂ ತಯಾರಾದದ್ದರಿಂದ ಬಿಡಿಭಾಗಕ್ಕೆ ಅಲೆಯಬೇಕಾಗಲಿಲ್ಲ.

ಪಾಯಿಂಟ್ ಅಂತರ ಬದಲಾದರೆ ಟೈಮಿಂಗೂ, ಅಂದರೆ ಕಿಡಿ ಹಾರುವ ಕ್ಷಣವೂ, ಬದಲಾಗುತ್ತದೆ. ಆದ್ದರಿಂದ ಮೊದಲು ಫೀಲರ್ ಗೇಜಿನಿಂದ ಅಂತರ ಸರಿಪಡಿಸಿ, ಆಮೇಲೆ ವ್ಯಾಕ್ಯೂಮ್ ಪೈಪ್ ಕಳಚಿ ಅದರ ಬಾಯಿ ಮುಚ್ಚಿ, ಟೈಮಿಂಗ್ ಲೈಟ್ ಹಿಡಿದು ಫ್ಲೈವೀಲಿನ ಗುರುತು ನೋಡಿ ಟೈಮಿಂಗ್ ಕೂರಿಸಿದರು. ಕಿವಿಯ ಅಂದಾಜಿನ ಮೇಲೆ ಟೈಮಿಂಗ್ ಇಡುವ ರೂಢಿ ಅನೇಕರಲ್ಲಿದೆ. ಟೈಮಿಂಗ್ ಹಿಂದಾದರೆ ಎಳೆತ ತಗ್ಗಿ ಎಂಜಿನ್ ಕಾಯುತ್ತದೆ, ಮುಂದಾದರೆ ಏರಿನಲ್ಲಿ ನಾಕಿಂಗ್ (ಎಂಜಿನ್ನಿನೊಳಗೆ ಟಕಟಕ ಬಡಿತ) ಶುರುವಾಗುತ್ತದೆ. ಹೀಗಿರುವಾಗ ಲೈಟ್ ಹಿಡಿದು ನೋಡುವವರು ಸಿಕ್ಕಿದ್ದು ನನಗೆ ನೆಮ್ಮದಿ ತಂದಿತು.

ರಿಂಗಿಗೆ 90 ರೂಪಾಯಿ, ಕೂಲಿ 600. ಕೊರತೆಗಳೂ ಇವೆ. ಕೇಳಿದ ಮೇಲಷ್ಟೇ ಚೀಟಿಯಲ್ಲಿ ಲೆಕ್ಕ ಬರೆದುಕೊಟ್ಟರು. ಕೂರಲು ನೆರಳಿಲ್ಲ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಶಟರ್ ಎಳೆದಿರುತ್ತದೆ, ಅದನ್ನು ಮೊದಲೇ ಹೇಳದ ಕಾರಣ ನಾನು ಮೂರು ಗಂಟೆ ಬಿಸಿಲಿನಲ್ಲಿ ಕಾದೆ. ವಯಸ್ಸಾದವರನ್ನು ಜೊತೆಗೆ ಕರೆದುಕೊಂಡು ಹೋಗುವವರು ಬೆಳಿಗ್ಗೆಯೇ ಹೋಗಬೇಕು.

ದುರಸ್ತಿಯಾಗಿ ಎರಡು ತಿಂಗಳಾಯಿತು. ಹೊಸಪೇಟೆಗೆ ನಾಲ್ಕು ಬಾರಿ ಹೋಗಿ ಬಂದಿದ್ದೇನೆ. ಡಿಪ್‌ಸ್ಟಿಕ್ಕಿನಲ್ಲಿ ಎಣ್ಣೆಯ ಮಟ್ಟ ಇಳಿದಿಲ್ಲ, ಕಾರಿನ ಕೆಳಗೆ ಹಾಸಿದ ಹಳೆಯ ಪತ್ರಿಕೆಯ ಮೇಲೆ ಒಂದು ಹನಿಯೂ ಬಿದ್ದಿಲ್ಲ. ವಾಲ್ವ್ ಕವರಿನ ಗ್ಯಾಸ್ಕೆಟ್ ಒಂದು ಮೂಲೆಯಲ್ಲಿ ಬೆವರುತ್ತಿದೆ, ಆದರೆ ಈಗಲೇ ಬದಲಿಸುವ ಅಗತ್ಯವಿಲ್ಲ ಎಂದು ಮೇಸ್ತ್ರಿ ಅಂದೇ ತೋರಿಸಿದ್ದರು. ಆ ಕೆಲಸಕ್ಕೂ ದೀಪಾವಳಿಯ ನಂತರ ಕಾರನ್ನು ಅವರಲ್ಲಿಗೇ ಒಯ್ಯುತ್ತೇನೆ.