ಎರಡು ಥರ್ಮಾಮೀಟರ್ ಒಂದೇ ಮಾತು ಹೇಳಿದವು, ಎರಡೂ ತಪ್ಪಾಗಿದ್ದವು: ಅಕ್ವೇರಿಯಂ ಇಟ್ಟವರಿಗೊಂದು ಎಚ್ಚರಿಕೆ

ಕಳೆದ ಚಳಿಗಾಲದಲ್ಲಿ ಪುಣೆಯ ಕೊಥ್ರೂಡಿನ ನಮ್ಮ ಮನೆಯ ಅಕ್ವೇರಿಯಂನಲ್ಲಿ ಎಂಟು ಕೋರಿಡೋರಾಸ್ ಮತ್ತು ನಾಲ್ಕು ಡಿಸ್ಕಸ್ ಮೀನುಗಳು ಹದಿನೈದು ದಿನಗಳೊಳಗೆ ಸತ್ತುಹೋದವು. ಅವು ರೋಗದಿಂದ ಸಾಯಲಿಲ್ಲ, ನೀರು ಕೊಳಕಾಗಿಯೂ ಸಾಯಲಿಲ್ಲ. ನೀರು 29 ಡಿಗ್ರಿ ಸೆಲ್ಸಿಯಸ್ ಇದೆಯೆಂದು ನಾನು ನಂಬಿದ್ದಾಗ ಅದು 32 ಇತ್ತು. 31 ಇದೆಯೆಂದು ನಂಬಿದ್ದಾಗ 34 ದಾಟಿತ್ತು. ತಪ್ಪು ತೋರಿಸುತ್ತಿದ್ದ ಥರ್ಮಾಮೀಟರನ್ನು ಎರಡು ವರ್ಷ ಒಮ್ಮೆಯೂ ಪರೀಕ್ಷಿಸದೆ ನೆಚ್ಚಿಕೊಂಡದ್ದೇ ಇಷ್ಟಕ್ಕೂ ಕಾರಣ. ಮನೆಯಲ್ಲಿ ಮೀನು ಸಾಕುವ ಪ್ರತಿಯೊಬ್ಬರೂ ಈ ತಪ್ಪನ್ನು ಮಾಡುವ ಸಾಧ್ಯತೆ ಇರುವುದರಿಂದ, ನಡೆದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ.

ನಮ್ಮ ತೊಟ್ಟಿ ಸುಮಾರು 200 ಲೀಟರಿನದು. ಅದರಲ್ಲಿ ಆರು ಡಿಸ್ಕಸ್, ತಳದಲ್ಲಿ ಎಂಟು ಕೋರಿಡೋರಾಸ್, ಒಂದು ಮೂಲೆಯಲ್ಲಿ 300 ವ್ಯಾಟ್ ಹೀಟರ್ ಇದ್ದವು. ಡಿಸ್ಕಸ್ ಮೀನಿಗೆ 28ರಿಂದ 30 ಡಿಗ್ರಿಯ ನೀರು ಬೇಕು. ಪುಣೆಯಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಹೊರಗಿನ ಉಷ್ಣತೆ 10 ಡಿಗ್ರಿಯ ಆಸುಪಾಸಿಗೆ ಇಳಿಯುವುದು ಸಾಮಾನ್ಯವಾದ್ದರಿಂದ, ಬಾಲ್ಕನಿಯ ಪಕ್ಕದ ನಮ್ಮ ಕೋಣೆ ಬೆಳಗಿನ ಜಾವ 18ಕ್ಕೆ ಬಂದಿರುತ್ತದೆ. ಇಲ್ಲಿ ಹೀಟರ್ ಇಲ್ಲದೆ ನಡೆಯುವುದಿಲ್ಲ. ಉಷ್ಣತೆ ನೋಡಲು ನನ್ನಲ್ಲಿ ಎರಡು ಸಾಧನಗಳಿದ್ದವು: ಗಾಜಿನ ಹೊರಮೈಗೆ ಅಂಟಿಸುವ ಬಣ್ಣ ಬದಲಾಗುವ ಪಟ್ಟಿ ಒಂದು, ತಂತಿಯ ತುದಿಯ ಪ್ರೋಬನ್ನು ನೀರಿಗೆ ಬಿಡುವ ಸಣ್ಣ ಡಿಜಿಟಲ್ ಮಾಪಕ ಇನ್ನೊಂದು.

ಡಿಸೆಂಬರಿನ ಎರಡನೆಯ ವಾರ ಚಳಿ ಬಿದ್ದ ಮೊದಲ ಬೆಳಿಗ್ಗೆ ಡಿಜಿಟಲ್ ಮಾಪಕ 26.2 ತೋರಿಸಿತು. ಹೀಟರಿನ ನಾಬ್ 29ರಲ್ಲಿತ್ತು. ಪಟ್ಟಿಯ ಮೇಲೆ 28 ಹಸಿರಾಗಿಯೂ 26 ನೀಲಿಯಾಗಿಯೂ ಹೊಳೆಯುತ್ತಿದ್ದವು. ಇಂಥ ಪಟ್ಟಿಯಲ್ಲಿ ಹಸಿರಾಗಿ ಕಾಣುವ ಅಂಕಿಯನ್ನೇ ಓದಬೇಕು. ನೀಲಿ ಎಂದರೆ ಉಷ್ಣತೆ ಅದನ್ನು ದಾಟಿದೆ ಎಂದರ್ಥ. ಇದು ನನಗೆ ತಿಳಿದಿತ್ತು. ಆದರೂ ಡಿಜಿಟಲ್ ಮಾಪಕ ಆಗಲೇ 26 ಎಂದು ಹೇಳಿದ್ದರಿಂದ, ಕಣ್ಣು ನೀಲಿಯ 26ರ ಮೇಲೆಯೇ ನಿಂತಿತು. ಎರಡು ಸಾಧನಗಳು ಒಂದು ಕಡೆ, ಹೀಟರಿನ ನಾಬ್ ಇನ್ನೊಂದು ಕಡೆ. ಆದ್ದರಿಂದ ನಾಬಿನ ಅಂಕಿಯೇ ಸುಳ್ಳೆಂದು ತೀರ್ಮಾನಿಸಿ ಅದನ್ನು 32ಕ್ಕೆ ಏರಿಸಿದೆ. ಸಂಜೆಯ ಹೊತ್ತಿಗೆ ಮಾಪಕ 28.8 ತೋರಿಸಿದಾಗ ಎಲ್ಲವೂ ಸರಿಹೋಯಿತೆಂದು ನೆಮ್ಮದಿಯಾಯಿತು.

ನಾಲ್ಕನೆಯ ದಿನದಿಂದ ಕೋರಿಡೋರಾಸ್‌ಗಳು ಮೇಲೆ ಬಂದು ಗಾಳಿ ನುಂಗಿ ಕೆಳಗಿಳಿಯುವುದು ಹೆಚ್ಚಾಯಿತು. ಆ ಜಾತಿಯ ಮೀನು ಆಗಾಗ ಹಾಗೆ ಮಾಡುವುದು ಸಹಜವಾದ್ದರಿಂದ ನಾನು ಗಮನ ಕೊಡಲಿಲ್ಲ. ವಾರದೊಳಗೆ ಐದು ಸತ್ತವು. ಡಿಸ್ಕಸ್‌ಗಳ ಮೈ ಕಪ್ಪಾಯಿತು, ಕಿವಿರುಗಳ ಬಡಿತ ಜೋರಾಯಿತು, ಒಂದೆರಡು ಮೀನುಗಳು ಹೀಟರಿನ ಕೊಳವೆಗೆ ಮೈ ಉಜ್ಜತೊಡಗಿದವು. ಮೀನು ಕೊಂಡ ಅಂಗಡಿಯವರಿಗೆ ಫೋನಿನಲ್ಲಿ ಲಕ್ಷಣಗಳನ್ನು ಹೇಳಿದಾಗ, ಚಳಿಗಾಲದ ಬಿಳಿಚುಕ್ಕೆ ರೋಗವಿರಬೇಕೆಂದೂ, ಔಷಧ ಹಾಕಿ ನೀರನ್ನು 31 ಡಿಗ್ರಿಗೆ ಏರಿಸಬೇಕೆಂದೂ ಹೇಳಿದರು. ಬಿಳಿಚುಕ್ಕೆಗೆ ಉಷ್ಣತೆ ಏರಿಸುವುದು ಬಹಳ ಜನ ಅನುಸರಿಸುವ ಕ್ರಮವೇ. ಆ ಪರಾವಲಂಬಿ ಜೀವಿ ಬೆಚ್ಚನೆಯ ನೀರಿನಲ್ಲಿ ತನ್ನ ಜೀವನಚಕ್ರವನ್ನು ಬೇಗ ಮುಗಿಸುವುದರಿಂದ ಔಷಧಕ್ಕೆ ಬೇಗ ಸಿಗುತ್ತದೆ. ಅವರು ಕೆಟ್ಟದ್ದನ್ನು ಬಯಸಿ ಹೇಳಿದ್ದಲ್ಲ. ಆದರೆ ಒಂದು ಮೀನಿನ ಮೈಮೇಲೂ ನಾನು ಒಂದೇ ಒಂದು ಬಿಳಿಚುಕ್ಕೆಯನ್ನು ಕಂಡಿರಲಿಲ್ಲ, ಮತ್ತು ನೀರು ನಿಜಕ್ಕೂ ಎಷ್ಟು ಡಿಗ್ರಿಯಿದೆ ಎಂಬ ಪ್ರಶ್ನೆಯನ್ನು ಅವರಾಗಲಿ ನಾನಾಗಲಿ ಎತ್ತಲಿಲ್ಲ. ನಾಬನ್ನು ಕೊನೆಯ ಅಂಕಿಯಾದ 34ಕ್ಕೆ ತಿರುಗಿಸಿ, ಶಾಖ ಹೊರಗೆ ಹೋಗದಿರಲೆಂದು ಮುಚ್ಚಳದ ಮೇಲೆ ದಪ್ಪ ಬಟ್ಟೆಯನ್ನೂ ಹಾಸಿದೆ.

ಮರುದಿನ ಬೆಳಿಗ್ಗೆ ನಾಲ್ಕು ಡಿಸ್ಕಸ್‌ಗಳು ಮಗ್ಗುಲಾಗಿ ಬಿದ್ದಿದ್ದವು. ಉಳಿದ ಮೂರು ಕೋರಿಡೋರಾಸ್‌ಗಳೂ ಸತ್ತಿದ್ದವು. ಅವುಗಳನ್ನು ತೆಗೆಯಲು ಮೊಣಕೈವರೆಗೆ ಕೈ ಹಾಕಿದಾಗ ನೀರು ಸ್ವಲ್ಪವೂ ತಣ್ಣಗೆ ಅನ್ನಿಸಲಿಲ್ಲ. ಕೈಯ ಚರ್ಮದ ಉಷ್ಣತೆ 32, 33 ಡಿಗ್ರಿಯ ಹತ್ತಿರ ಇರುವುದರಿಂದ 28ರ ನೀರು ಕೈಗೆ ತುಸು ತಂಪಾಗಿಯೇ ತಾಗಬೇಕು. ಇದು ಮಗುವಿನ ಸ್ನಾನಕ್ಕೆ ಹದ ಮಾಡಿದ ನೀರಿನಂತಿತ್ತು. ಆ ಕ್ಷಣದಲ್ಲಿ ಮೊದಲ ಬಾರಿಗೆ ಅನುಮಾನ ಹುಟ್ಟಿತು. ಮಗಳ ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರ್ ಔಷಧದ ಡಬ್ಬಿಯಲ್ಲಿತ್ತು. 32 ಡಿಗ್ರಿಗಿಂತ ಕಡಿಮೆಯಿದ್ದರೆ ಅಂಕಿ ತೋರಿಸದೆ ‘ಎಲ್ ಓ’ ಎಂಬ ಎರಡು ಅಕ್ಷರಗಳನ್ನಷ್ಟೇ ತೋರಿಸುವ ಸಾಧನ ಅದು. ನೀರು ಮಾಪಕ ಹೇಳಿದಷ್ಟೇ ಇದ್ದಿದ್ದರೆ ಆ ಎರಡು ಅಕ್ಷರಗಳೇ ಬರಬೇಕಾಗಿತ್ತು. ಪೀಪಿ ಕೇಳಿದ ಮೇಲೆ ನೋಡಿದರೆ 34.6. ಗಾಜಿನಾಚೆ ನನ್ನ ಡಿಜಿಟಲ್ ಮಾಪಕ ಅದೇ ಹೊತ್ತಿನಲ್ಲಿ 30.9 ತೋರಿಸುತ್ತಿತ್ತು. ಮೂರರಲ್ಲಿ ನಿಜಕ್ಕೆ ಹತ್ತಿರವಾಗಿದ್ದದ್ದು ನಾನು ನಂಬದೆ ಬಿಟ್ಟ ಹೀಟರಿನ ನಾಬ್ ಒಂದೇ.

ಬಿಸಿ ನೀರು ಮೀನನ್ನು ಎರಡು ಕಡೆಯಿಂದ ಕೊಲ್ಲುತ್ತದೆ. ಉಷ್ಣತೆ ಏರಿದಂತೆ ಮೀನಿನ ದೇಹಕ್ಕೆ ಹೆಚ್ಚು ಆಮ್ಲಜನಕ ಬೇಕಾಗುತ್ತದೆ, ಅದೇ ಹೊತ್ತಿಗೆ ನೀರು ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಕಡಿಮೆಯಾಗುತ್ತದೆ. ಸಮುದ್ರಮಟ್ಟದಲ್ಲಿ 25 ಡಿಗ್ರಿಯ ಸಿಹಿನೀರಿನಲ್ಲಿ ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕ ಕರಗಿದರೆ, 35ರಲ್ಲಿ ಕರಗುವುದು 7 ಮಿಲಿಗ್ರಾಂನಷ್ಟು. ಸುಮಾರು 560 ಮೀಟರ್ ಎತ್ತರದಲ್ಲಿರುವ ಪುಣೆಯಲ್ಲಿ ಇನ್ನೂ ಸ್ವಲ್ಪ ಕಡಿಮೆ. ಅದರ ಮೇಲೆ ನಾನು ಬಟ್ಟೆ ಹೊದಿಸಿ ಗಾಳಿಯಾಟವನ್ನೂ ತಡೆದಿದ್ದೆ. ಉಳಿದ ಎರಡು ಮೀನುಗಳಿಗಾಗಿ ಹೀಟರ್ ಆರಿಸಿ, ಏರ್ ಪಂಪ್ ಹೆಚ್ಚಿಸಿ, ಗಂಟೆಗೆ ಒಂದು ಡಿಗ್ರಿಗಿಂತ ಹೆಚ್ಚು ಇಳಿಯದಂತೆ ಸಂಜೆಯವರೆಗೆ ಸ್ವಲ್ಪಸ್ವಲ್ಪವೇ ನೀರು ಬದಲಿಸಿದೆ. ದಯವಿಟ್ಟು ಇಂಥ ಹೊತ್ತಿನಲ್ಲಿ ಯಾರೂ ತೊಟ್ಟಿಗೆ ಮಂಜುಗಡ್ಡೆ ಸುರಿಯಬೇಡಿ. ಹಠಾತ್ ಇಳಿತವೂ ಏರಿಕೆಯಷ್ಟೇ ಘಾತುಕ.

ಆ ರಾತ್ರಿ ಮಾಪಕವನ್ನು ಪರೀಕ್ಷೆಗೆ ಇಟ್ಟೆ. ಮಂಜುಗಡ್ಡೆಯನ್ನು ಕುಟ್ಟಿ ಪುಡಿಮಾಡಿ ಲೋಟದ ತುಂಬ ಹಾಕಿ, ಸಂದುಗಳು ತುಂಬುವಷ್ಟು ಮಾತ್ರ ಶುದ್ಧ ನೀರು ಸುರಿದು ಕಲಕುತ್ತಿದ್ದರೆ ಆ ಮಿಶ್ರಣ 0 ಡಿಗ್ರಿಯಲ್ಲಿ ನಿಲ್ಲುತ್ತದೆ. ನೀರು ಹೆಚ್ಚಾಗಿ ನಾಲ್ಕು ತುಂಡು ಮಂಜು ಮೇಲೆ ತೇಲುತ್ತಿದ್ದರೆ ಈ ಪರೀಕ್ಷೆ ಕೆಡುತ್ತದೆ, ಏಕೆಂದರೆ 4 ಡಿಗ್ರಿಯ ನೀರೇ ಎಲ್ಲಕ್ಕಿಂತ ಭಾರವಾದ್ದರಿಂದ ತಳದಲ್ಲಿ ಅದು ಕೂತಿರುತ್ತದೆ. ಪ್ರೋಬ್ ಲೋಟದ ಗೋಡೆಗೂ ತಳಕ್ಕೂ ತಾಗಬಾರದು. ಐದು ನಿಮಿಷ ಬಿಟ್ಟು ನೋಡಿದಾಗ ನನ್ನ ಮಾಪಕ ತೋರಿಸಿದ್ದು ಸೊನ್ನೆಗಿಂತ 0.6 ಮಾತ್ರ ಕೆಳಗೆ. ಇಲ್ಲಿಗೇ ನಿಲ್ಲಿಸಿದ್ದರೆ ಮಾಪಕ ಸರಿಯಿದೆ ಎಂದೇ ತೀರ್ಪು ಕೊಡುತ್ತಿದ್ದೆ. ಬಳಿಕ ದೊಡ್ಡ ಮಗ್ಗಿನಲ್ಲಿ ಬೆಚ್ಚಗಿನ ನೀರು ತೆಗೆದುಕೊಂಡು ಜ್ವರದ ಥರ್ಮಾಮೀಟರನ್ನೂ ಪ್ರೋಬನ್ನೂ ಒಟ್ಟಿಗೆ ಹಿಡಿದೆ. ಮೊದಲನೆಯದು 38.0 ಎಂದಿತು, ಎರಡನೆಯದು 33.8. ಒಂದೇ ಮಾಪಕ ಮಂಜಿನಲ್ಲಿ ಅರ್ಧ ಡಿಗ್ರಿಯಷ್ಟು, ಬಿಸಿಯಲ್ಲಿ ನಾಲ್ಕು ಡಿಗ್ರಿಗೂ ಹೆಚ್ಚು ತಪ್ಪುತ್ತಿತ್ತು.

ಟಿವಿ ರಿಪೇರಿ ಮಾಡುವ ಗೆಳೆಯರೊಬ್ಬರು ಮಾಪಕದ ಹಿಂಬದಿ ಬಿಚ್ಚಿದಾಗ ಕಾರಣ ಕಣ್ಣೆದುರಿಗೇ ಇತ್ತು. ತಂತಿ ಒಳಗೆ ಬೆಸೆದುಕೊಳ್ಳುವ ಜಾಗದಲ್ಲಿ ತಾಮ್ರದ ಎಳೆಗಳಿಗೆ ಹಸಿರು ಕಿಲುಬು ಹತ್ತಿ, ಹೆಚ್ಚಿನವು ಉಗುರು ತಾಗಿದರೆ ಪುಡಿಯಾಗುವಂತಾಗಿದ್ದವು. ಈ ಪ್ರೋಬಿನೊಳಗೆ ಇರುವುದು ಬಿಸಿಯಾದಂತೆ ವಿದ್ಯುತ್ ರೋಧ ಕಡಿಮೆಯಾಗುವ ಥರ್ಮಿಸ್ಟರ್. ಕಿಲುಬು ತನ್ನದೊಂದು ರೋಧವನ್ನು ಅದಕ್ಕೆ ಸೇರಿಸುವುದರಿಂದ ನೀರು ಇರುವುದಕ್ಕಿಂತ ತಣ್ಣಗಿದೆಯೆಂದು ಮಾಪಕ ತಿಳಿಯುತ್ತದೆ. ಮಂಜಿನಲ್ಲಿ ಥರ್ಮಿಸ್ಟರಿನ ರೋಧವೇ ದೊಡ್ಡದಾದ್ದರಿಂದ ಕಿಲುಬಿನ ಪಾಲು ಗೊತ್ತಾಗುವುದಿಲ್ಲ. ಬಿಸಿಯಲ್ಲಿ ಅದು ಸಣ್ಣದಾಗುವುದರಿಂದ ಅದೇ ಪಾಲು ದೊಡ್ಡ ತಪ್ಪಾಗುತ್ತದೆ. ಆದ್ದರಿಂದಲೇ ಮಂಜಿನ ಪರೀಕ್ಷೆಯೊಂದನ್ನೇ ಮಾಡಿ ಸುಮ್ಮನಾಗಬೇಡಿ, ಬೆಚ್ಚಗಿನ ನೀರಿನ ಪರೀಕ್ಷೆಯನ್ನೂ ತಪ್ಪದೆ ಮಾಡಿ. ತೊಟ್ಟಿಯ ಮುಚ್ಚಳದ ಸುತ್ತ ಸದಾ ತೇವವಿರುತ್ತದೆ, ಈ ಅಗ್ಗದ ಮಾಪಕಗಳ ಪೆಟ್ಟಿಗೆಗೆ ಆ ತೇವವನ್ನು ತಡೆಯುವ ಶಕ್ತಿಯಿಲ್ಲ.

ಹೊರಗೆ ಅಂಟಿಸುವ ಪಟ್ಟಿಯ ಬಗ್ಗೆಯೂ ಹೇಳಬೇಕು. ಅದು ಅಳೆಯುವುದು ನೀರನ್ನಲ್ಲ, ಗಾಜಿನ ಹೊರಮೈಯನ್ನು. ಕೋಣೆ ತಣ್ಣಗಿರುವಾಗ ದಪ್ಪ ಗಾಜಿನ ಹೊರಮೈ ಒಳಗಿನ ನೀರಿಗಿಂತ ಒಂದೂವರೆ ಡಿಗ್ರಿಯಷ್ಟು ತಣ್ಣಗಿರುವುದು ಸಹಜ, ಕಿಟಕಿಯ ಗಾಳಿ ತಾಗಿದರೆ ಇನ್ನೂ ಹೆಚ್ಚು. ಎಂದರೆ ಚಳಿಗಾಲದಲ್ಲಿ, ಹೀಟರ್ ಉರಿಯುತ್ತಿರುವ ದಿನಗಳಲ್ಲೇ, ಪಟ್ಟಿ ಕಡಿಮೆ ತೋರಿಸುತ್ತದೆ. ನನ್ನ ಎರಡೂ ಸಾಧನಗಳು ಬೇರೆಬೇರೆ ಕಾರಣಗಳಿಂದ ಒಂದೇ ದಿಕ್ಕಿಗೆ ತಪ್ಪಿದ್ದವು, ನಾನು ಅದನ್ನು ಪರಸ್ಪರ ಸಾಕ್ಷಿ ಎಂದು ತಿಳಿದೆ. ದೂರದಿಂದ ಗುರಿ ಹಿಡಿದು ನೋಡುವ ಇನ್‌ಫ್ರಾರೆಡ್ ಗನ್ ಕೂಡ ಇಲ್ಲಿ ಸಹಾಯಕ್ಕೆ ಬರುವುದಿಲ್ಲ. ಆ ಕಿರಣಗಳಿಗೆ ಗಾಜು ಪಾರದರ್ಶಕವಲ್ಲವಾದ್ದರಿಂದ ಅದೂ ಗಾಜನ್ನೇ ಅಳೆಯುತ್ತದೆ.

ಈಗ ತೊಟ್ಟಿಯೊಳಗೆ ತೂಗಿಬಿಟ್ಟಿರುವುದು ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಯಿಂದ ತಂದ, 0ರಿಂದ 50ರವರೆಗೆ ಗಾಜಿನ ಮೇಲೆಯೇ ಗೆರೆ ಕೊರೆದ ಸ್ಪಿರಿಟ್ ಥರ್ಮಾಮೀಟರ್. ಪಾದರಸದ್ದನ್ನು ತೊಟ್ಟಿಗೆ ಎಂದಿಗೂ ಹಾಕಬೇಡಿ, ಒಡೆದರೆ ನೀರು ವಿಷವಾಗುತ್ತದೆ. ಒಳಗೆ ಕಾಗದದ ಅಳತೆಪಟ್ಟಿಯಿರುವ ಅಗ್ಗದ ಥರ್ಮಾಮೀಟರೂ ಬೇಡ, ಆ ಕಾಗದ ಜಾರಿದರೆ ಅಂಕಿಗಳೆಲ್ಲ ಜಾರುತ್ತವೆ. ಹೀಟರ್ ಒಂದು ತುದಿಯಲ್ಲಿದ್ದರೆ ಥರ್ಮಾಮೀಟರ್ ಇನ್ನೊಂದು ತುದಿಯಲ್ಲಿ, ನೀರು ಹರಿಯುವ ಕಡೆ, ಅರ್ಧ ಆಳದಲ್ಲಿ ಇರಬೇಕು. ಇದಲ್ಲದೆ ಬುಧವಾರ ಪೇಠೆಯ ತಪಕೀರ್ ಗಲ್ಲಿಯಿಂದ ಪ್ರತ್ಯೇಕ ಕಂಟ್ರೋಲರ್ ಒಂದನ್ನು ತಂದು, 31 ದಾಟಿದರೆ ಹೀಟರಿಗೆ ವಿದ್ಯುತ್ ನಿಲ್ಲುವಂತೆ ಜೋಡಿಸಿದ್ದೇನೆ. ಅದರ ಪ್ರೋಬಿಗೂ ತಿಂಗಳ ಮೊದಲ ಭಾನುವಾರ ಮಂಜಿನ ಲೋಟ ಮತ್ತು ಬೆಚ್ಚಗಿನ ಮಗ್ಗಿನ ಪರೀಕ್ಷೆ ತಪ್ಪುವುದಿಲ್ಲ.

ಎರಂಡವಣೆಯ ಗಣೇಶನಗರದ ಕನ್ನಡ ಸಂಘದಲ್ಲಿ ಸಿಗುವ ಗೆಳೆಯರಲ್ಲಿ ಮೀನು ಸಾಕುವವರು ನಾಲ್ಕು ಜನರಿದ್ದೇವೆ. ನಡೆದದ್ದನ್ನು ಅವರಿಗೆ ಹೇಳಿದ ಮೇಲೆ ನನ್ನ ಗಾಜಿನ ಥರ್ಮಾಮೀಟರನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮೂವರ ಮನೆಗೂ ಹೋಗಿ ಹೋಲಿಸಿ ನೋಡಿದೆ. ಇಬ್ಬರ ಮಾಪಕಗಳು ಅರ್ಧ ಡಿಗ್ರಿಯೊಳಗೆ ಸರಿಯಿದ್ದವು. ಮೂರನೆಯವರದು ಎರಡೂವರೆ ಡಿಗ್ರಿ ಕಡಿಮೆ ತೋರಿಸುತ್ತಿತ್ತು, ಅವರ ಹೀಟರಿನ ನಾಬ್ ಆಗಲೇ 32ರಲ್ಲಿತ್ತು.