70-300 ಲೆನ್ಸ್, ನಾಲ್ಕು ಮಳೆಗಾಲ, ಒಂದು ಹಪ್ಪಳದ ಡಬ್ಬಿ

ಹಕ್ಕಿಗಳ ಫೋಟೋಗೆ ಅಂತ ಸೆಕೆಂಡ್ ಹ್ಯಾಂಡ್ 70-300 ಮಿಲಿಮೀಟರ್ ಜೂಮ್ ಲೆನ್ಸ್ ತಗೊಂಡು ನಾಲ್ಕು ವರ್ಷವಾಯಿತು. ಕೊಟ್ಟದ್ದು 9,500 ರೂಪಾಯಿ. ಸ್ಪೆಕ್ಸ್ ನೀವೆಲ್ಲ ಎಲ್ಲೋ ಓದಿಯೇ ಇರುತ್ತೀರಿ, ಅದನ್ನು ಬಿಡುತ್ತೇನೆ. ನನ್ನದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಎರಡು ಕೋಣೆಯ ಮನೆ, ತಿಂಗಳಿಗೊಂದು ಇಎಂಐ, ವಾರಕ್ಕೊಂದೇ ರಜೆ. ಆ ಲೆಕ್ಕದಲ್ಲೇ ಇದನ್ನು ಓದಿಕೊಳ್ಳಿ.

ಮೊದಲ ವರ್ಷ ಇದನ್ನು ಹೊಗಳದ ದಿನವಿಲ್ಲ. ಕ್ರಾಪ್ ಸೆನ್ಸರ್‌ನ (ಚಿಕ್ಕ ಸೆನ್ಸರಿನ) ಹಳೇ ಕ್ಯಾಮೆರಾಕ್ಕೆ ಹಾಕಿದರೆ ದೃಶ್ಯ ಇನ್ನೂ ಹತ್ತಿರ ಬಂದು 300 ಹೋಗಿ 450ರ ಹಾಗೆ ಕಾಣುತ್ತದೆ. ಥಾಣೆ ಖಾರಿಯ (ಒಳನುಗ್ಗಿದ ಕಡಲ ಚಾಚಿನ) ಕೆಸರಲ್ಲಿ ತಲೆ ಕೆಳಗೆ ಮಾಡಿ ಮೇಯುವ ಫ್ಲೆಮಿಂಗೊಗಳಿಗೆ ಅಷ್ಟು ಸಾಕು. ಬೊರಿವಲಿಯ ಕಾಡಿನ ನೆರಳಲ್ಲಿ ಮಾತ್ರ ಸೋಲುತ್ತದೆ. 300ಕ್ಕೆ ಎಳೆದರೆ ಅಪರ್ಚರ್ (ಬೆಳಕು ಒಳಬಿಡುವ ಕಿಂಡಿ) 5.6ಕ್ಕೇ ನಿಂತುಬಿಡುತ್ತದೆ, ಅದಕ್ಕಿಂತ ಅಗಲ ತೆರೆಯುವುದಿಲ್ಲ. ಐಎಸ್‌ಒ (ಸೆನ್ಸರ್ ಬೆಳಕಿಗೆ ಸ್ಪಂದಿಸುವ ಮಟ್ಟ) 3200ಕ್ಕೆ ಏರಿಸಬೇಕು, ಆಮೇಲೆ ಫೋಟೋ ಮೇಲೆ ಚಿರೋಟಿ ರವೆ ಚೆಲ್ಲಿದ ಹಾಗೆ ನಾಯ್ಸ್. ಈ ದುಡ್ಡಿಗೆ ಅದನ್ನು ದೂರುವುದು ತಪ್ಪು.

ತೊಂದರೆ ಶುರುವಾದದ್ದು ಎರಡನೇ ಮಳೆಗಾಲ ಮುಗಿದ ಮೇಲೆ. ಭಾಂಡುಪ್ ಪಂಪಿಂಗ್ ಸ್ಟೇಷನ್ ಹತ್ತಿರ ತೆಗೆದ ಫೋಟೋಗಳೆಲ್ಲ ಮಬ್ಬು. ಬೆಳಗ್ಗೆ ಅಲ್ಲಿ ಸೂರ್ಯ ಖಾರಿಯ ಆಚೆಯಿಂದ ನೇರ ಮುಖಕ್ಕೇ ಹೊಡೆಯುತ್ತಾನೆ, ಅದಕ್ಕೇ ಇರಬೇಕು ಅಂದುಕೊಂಡೆ. ಮುಂದಿನ ಭಾನುವಾರ ಆಚೆ ದಡಕ್ಕೆ, ಐರೋಲಿಗೆ ಹೋದೆ. ಅಲ್ಲಿ ಬೆಳಗಿನ ಬಿಸಿಲು ಬೆನ್ನಿಗೆ. ಆದರೂ ಅದೇ ಹಾಲು ಬೆರೆಸಿದಂಥ ಮಬ್ಬು! ರಾತ್ರಿ ಲೆನ್ಸ್ ಬಿಚ್ಚಿ ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿದರೆ, ಒಳಗಿನ ಗಾಜಿನ ಮೇಲೆ ಜೇಡರ ಬಲೆ ಕಟ್ಟಿದ ಹಾಗೆ ಬೂಷ್ಟು.

ಮಾರಿದವನನ್ನು ಬೈಯುವ ಹಾಗಿಲ್ಲ. ತಗೊಳ್ಳುವಾಗ ಇದೇ ಟಾರ್ಚ್ ಬಿಟ್ಟು ನೋಡಿದ್ದೆ, ಗಾಜು ಸ್ವಚ್ಛವಾಗಿತ್ತು. ಬೂಷ್ಟು ಬೆಳೆಸಿದ್ದು ನಾನೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕ್ಯಾಮೆರಾ ಬ್ಯಾಗಿನೊಳಗೆ ಜಿಪ್ ಹಾಕಿ, ಕಪಾಟಿನಲ್ಲಿಟ್ಟು ಮರೆತಿದ್ದೆ. ಬ್ಯಾಗಿನ ಸ್ಪಂಜು ತೇವ ಕುಡಿದು ಕೂರುತ್ತದೆ. ಕತ್ತಲೆ ಬೇರೆ. ಬೂಷ್ಟಿಗೆ ಇನ್ನೇನು ಬೇಕು? ಮುಂಬೈ ಫೋರ್ಟ್ ಬಡಾವಣೆಯ ರಿಪೇರಿ ಅಂಗಡಿಯಲ್ಲಿ 1,800 ರೂಪಾಯಿ ತೆತ್ತೆ. ಬಲೆ ಹೋಯಿತು, ಆದರೆ ಅದು ಗಾಜಿನ ಮೇಲಿನ ತೆಳು ಕೋಟಿಂಗನ್ನು ತಿಂದ ಗುರುತು ಒಂದು ಮೂಲೆಯಲ್ಲಿ ಉಳಿದೇ ಬಿಟ್ಟಿತು.

ಕುಂದಾಪುರದ ಅಮ್ಮನಿಗೆ ಫೋನಿನಲ್ಲಿ ಹೇಳಿಕೊಂಡು ಅತ್ತುಬಿಟ್ಟೆ. ಅಮ್ಮ ನಕ್ಕರು. "ಹಪ್ಪಳಕ್ಕೆ ಮಾಡುವಷ್ಟು ಆರೈಕೆ ಅದಕ್ಕೆ ಮಾಡಲಿಲ್ಲವಾ?" ಅಂದರು. ಮಳೆಗಾಲದಲ್ಲಿ ನಮ್ಮ ಮನೆಯ ಹಪ್ಪಳದ ಡಬ್ಬಿ ತೇವ ತಗುಲದ ಹಾಗೆ ಒಲೆಯ ಮೇಲಿನ ಅಟ್ಟದಲ್ಲೇ ಇರುತ್ತಿತ್ತು.

ಹಾಗಾಗಿ ನಿಜವಾದ ವಿಮರ್ಶೆ ಆಮೇಲೆ ಲೆನ್ಸಿಡಲು ತಂದ ಈ ಡಬ್ಬಿಯದ್ದು. ರಬ್ಬರ್ ಅಂಚಿನ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಡಿ-ಮಾರ್ಟ್‌ನಲ್ಲಿ ಅಕ್ಕಿ ತುಂಬಲು ಇಟ್ಟಿದ್ದರು. ತೇವ ಅಳೆಯುವ ಪುಟ್ಟ ಮೀಟರ್, ತೇವ ಹೀರಲು ಅರ್ಧ ಕಿಲೋ ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಮಣಿಗಳು. ಎಲ್ಲ ಸೇರಿ ಸಾವಿರದೊಳಗೇ ಮುಗಿಯಿತು. ಜುಲೈಯಲ್ಲಿ ಮನೆಯೊಳಗೆ ಮೀಟರ್ ಶೇಕಡಾ 88 ತೋರಿಸಿದರೆ ಡಬ್ಬಿಯೊಳಗೆ 43. ನಲವತ್ತರಿಂದ ಐವತ್ತರ ನಡುವೆ ಇದ್ದರೆ ನೆಮ್ಮದಿ. ಮೂವತ್ತಕ್ಕಿಂತ ಇಳಿದರೆ ಜೆಲ್ ಸ್ವಲ್ಪ ತೆಗೆದಿಡುತ್ತೇನೆ, ತೀರಾ ಒಣಗಿದರೂ ರಬ್ಬರಿಗೆ ಒಳ್ಳೆಯದಲ್ಲ.

ಶನಿವಾರ ರಾತ್ರಿ ಪಾತ್ರೆ ತೊಳೆದಾದ ಮೇಲೆ ನನ್ನ ಪೂಜೆ ಶುರು. ವಾರದಲ್ಲಿ ತೇವ ಕುಡಿದು ಹಸಿರಿಗೆ ತಿರುಗಿದ ಜೆಲ್ ಮಣಿಗಳನ್ನು ಹಳೇ ಕಬ್ಬಿಣದ ಬಾಣಲೆಗೆ ಸುರಿದು, ಸಣ್ಣ ಉರಿಯಲ್ಲಿ ಮರದ ಸೌಟಿನಿಂದ ಕೈಯಾಡಿಸುತ್ತೇನೆ. ಚಟ್ ಚಟ್ ಅನ್ನುತ್ತವೆ. ಅಂಚಿನಿಂದ ಒಳಕ್ಕೆ ನಿಧಾನವಾಗಿ ಕಿತ್ತಳೆ ಬಣ್ಣ ಹರಡುವುದನ್ನು ನೋಡುತ್ತಾ ನಿಲ್ಲುವುದೇ ಒಂದು ಸುಖ. ಉರಿ ಜೋರಾದರೆ ಬಣ್ಣವೇ ಕೆಟ್ಟುಹೋಗುತ್ತದೆ, ಅವಸರ ಬೇಡ. ಆಮೇಲೆ ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿ ಆರಿಸಿ, ಬಟ್ಟೆಯ ಚೀಲಕ್ಕೆ ತುಂಬಿಸಿಡುತ್ತೇನೆ. ಪಕ್ಕದ ಮನೆಯ ಕಾಕು ಒಮ್ಮೆ ಬಾಗಿಲಲ್ಲಿ ನಿಂತು ಶೇಂಗಾ ಹುರಿಯುತ್ತಿದ್ದೀಯಾ ಅಂತ ಕೇಳಿದರು. (ಆ ಬಾಣಲೆಯಲ್ಲಿ ಅಡುಗೆ ಮಾತ್ರ ಮಾಡಬೇಡಿ.)

ಇನ್ನೊಂದು ಪಾಠವೂ ಆಯಿತು. ಈಗ ಎಸಿ ಲೋಕಲ್ ಟ್ರೈನ್ ಹತ್ತಿದರೆ ಕ್ಯಾಮೆರಾ ಜಿಪ್ ಕವರಿನೊಳಗೆ. ಇಳಿದು ಹದಿನೈದು ನಿಮಿಷ ತೆಗೆಯುವುದಿಲ್ಲ. ತಣ್ಣಗಿನ ಗಾಜಿಗೆ ಹೊರಗಿನ ಗಾಳಿ ತಗುಲಿದರೆ ಕ್ಷಣದಲ್ಲಿ ಬೆವರುತ್ತದೆ.

ಲೆನ್ಸ್? ಈಗಲೂ ಅದೇ. ಸೂರ್ಯನಿಗೆ ಎದುರಾಗಿ ಹಿಡಿದರೆ ಆ ಮೂಲೆ ಬಿಳಿಚಿಕೊಳ್ಳುತ್ತದೆ. ಅದಕ್ಕೇ ಬೆಳಗ್ಗೆ ಐರೋಲಿ, ಸಂಜೆಯಾದರೆ ಭಾಂಡುಪ್. ಹತ್ತು ಗಂಟೆ ದಾಟಿದರೆ ಕೆಸರಿನ ಮೇಲೆ ಬಿಸಿಗಾಳಿ ಕುಣಿಯಲು ಶುರುವಾಗುತ್ತದೆ, ಆಗ ಲಕ್ಷದ ಲೆನ್ಸೂ ಅಷ್ಟೇ, ನನ್ನದೂ ಅಷ್ಟೇ. ಸುಮ್ನೆ ವಡಾಪಾವ್ ತಿಂದು ಮನೆಗೆ.

ಈಗ ಇನ್ನೂ ಉದ್ದದ 150-600 ಲೆನ್ಸಿಗೆ ದುಡ್ಡು ಕೂಡಿಸುತ್ತಿದ್ದೇನೆ. ಹತ್ತಿರ ಹತ್ತಿರ ಎರಡು ಕಿಲೋ ತೂಕ ಅಂತೆ, ಹೊರಬಹುದು ಬಿಡಿ. ಮೊನ್ನೆ ಟೇಪ್ ಹಿಡಿದು ಡಬ್ಬಿಯ ಉದ್ದ ಅಳೆದೆ. ಹಿಡಿಯುವುದಿಲ್ಲ.