ತೀರ್ಥಹಳ್ಳಿ ಬಳಿಯ ತೋಟದ ಮನೆಯಲ್ಲಿ ಪತ್ನಿಯ ಅರವತ್ತನೆಯ ಹುಟ್ಟುಹಬ್ಬ

1965ರ ಶ್ರಾವಣದಲ್ಲಿ, ವಿಶ್ವಾವಸು ಸಂವತ್ಸರದಲ್ಲಿ ಹುಟ್ಟಿದ ನನ್ನ ಪತ್ನಿಗೆ ಅರವತ್ತು ಸಂವತ್ಸರಗಳ ಸುತ್ತು ಮುಗಿದು, 2025ರಲ್ಲಿ ಅದೇ ವಿಶ್ವಾವಸು ಮರಳಿ ಬಂದಿತು. 2021ರಲ್ಲಿ ನನಗೆ ಅರವತ್ತು ತುಂಬಿದಾಗ ಶಿವಮೊಗ್ಗದ ನಮ್ಮ ಮನೆಯಲ್ಲಿ ಪುರೋಹಿತರು ಶಾಂತಿ ಹೋಮ ಮಾಡಿಸಿ, ಕಲಶದ ನೀರು ಹೊಯ್ದು, ಮತ್ತೊಮ್ಮೆ ತಾಳಿ ಕಟ್ಟಿಸಿದ್ದರು. ಆ ದಿನವೂ ಬೆಳಗಿನ ನಾಲ್ಕಕ್ಕೆ ಎದ್ದು ಒಲೆ ಹಚ್ಚಿದವಳು ಅವಳೇ. ಹೆಂಡತಿಯ ಅರವತ್ತಕ್ಕೆ ನಮ್ಮ ಮನೆತನದಲ್ಲಿ ಅಂಥ ಶಾಸ್ತ್ರವೇನೂ ಇಲ್ಲ. ಹಾಗಾಗಿ ಎರಡು ದಿನ ಅವಳು ಒಲೆಯ ಮುಂದೆ ನಿಲ್ಲದೆ, ಎಲೆಯ ಮುಂದೆ ಕೂತು ಬಡಿಸಿಕೊಳ್ಳುವಂಥ ಜಾಗ ಬೇಕೆಂದು ಮಕ್ಕಳೊಂದಿಗೆ ಮಾತಾಡಿಕೊಂಡು, ಆಗಸ್ಟ್ ತಿಂಗಳಲ್ಲಿ ಈ ಹೋಂಸ್ಟೇಯನ್ನು ಕಾದಿರಿಸಿದೆವು.

ನಾವು ಒಟ್ಟು ಹದಿನಾಲ್ಕು ಜನ. ಮಗಳ ಸಂಸಾರ ಮಂಗಳೂರಿನಿಂದ ಆಗುಂಬೆ ಘಾಟಿ ಹತ್ತಿ ಬಂದಿತು. ನಾವು ಶಿವಮೊಗ್ಗದಿಂದ ತುಂಗೆಯ ಪಕ್ಕದ ದಾರಿಯಲ್ಲಿ ಹೊರಟು, ನಡುವೆ ಮಂಡಗದ್ದೆಯಲ್ಲಿ ನಿಂತು, ನದಿಯ ನಡುಗಡ್ಡೆಯ ಮರಗಳಲ್ಲಿ ಗೂಡು ಕಟ್ಟಿದ್ದ ಬೆಳ್ಳಕ್ಕಿಗಳನ್ನು ಮೊಮ್ಮಕ್ಕಳಿಗೆ ತೋರಿಸಿದೆವು. ಆ ಕಾಲದಲ್ಲಿ ಹೋಗುವವರು ಅಲ್ಲಿ ಅರ್ಧ ಗಂಟೆಯಾದರೂ ನಿಲ್ಲಬೇಕು.

ಮಾರನೆಯ ಬೆಳಿಗ್ಗೆ ನಾವು ಏಳುವ ಮೊದಲೇ ಮನೆಯೊಡತಿ ಜಗಲಿಯಲ್ಲಿ ರಂಗೋಲಿ ಹಾಕಿ, ಮಣೆಯಿಟ್ಟು, ಬೆಳ್ಳಿ ಬಟ್ಟಲಲ್ಲಿ ಎಣ್ಣೆ ಬೆಚ್ಚಗೆ ಮಾಡಿಟ್ಟಿದ್ದರು. ಎಣ್ಣೆನೀರಿನ ವಿಷಯವನ್ನು ಫೋನಿನಲ್ಲಿ ನಾನು ಒಮ್ಮೆ ಮಾತ್ರ ಹೇಳಿದ್ದೆ. ಎಂಬತ್ತಾರು ವರ್ಷದ ನನ್ನ ಅಮ್ಮ ಗರಿಕೆಯನ್ನು ಎಣ್ಣೆಯಲ್ಲಿ ಅದ್ದಿ ಸೊಸೆಯ ನೆತ್ತಿಗೆ ಮುಟ್ಟಿಸಿದರು, ಆಮೇಲೆ ಗರಿಕೆಯನ್ನು ಬದಿಗಿಟ್ಟು ನಡುಗುವ ಅಂಗೈಯಿಂದಲೇ ಬೈತಲೆಯುದ್ದಕ್ಕೂ ಎಣ್ಣೆ ತಿಕ್ಕಿದರು. ಮದುವೆಯಾದ ಮೂವತ್ತೇಳು ವರ್ಷಗಳಲ್ಲಿ ನಮ್ಮೆಲ್ಲರಿಗೂ ಎಣ್ಣೆ ಹಚ್ಚಿದವಳು ಕಣ್ಣು ಮುಚ್ಚಿಕೊಂಡು ತಲೆ ಬಗ್ಗಿಸಿ ಕೂತಿದ್ದನ್ನು ನಾನು ಕಂಡದ್ದು ಅದೇ ಮೊದಲು. ಬಚ್ಚಲಿನಲ್ಲಿ ಅಡಿಕೆ ಸಿಪ್ಪೆಯ ಉರಿಯಲ್ಲಿ ಕಾದ ಹಂಡೆ ನೀರು ಹದಿನಾಲ್ಕು ಜನಕ್ಕೂ ಸಾಕಾಯಿತು.

ಊಟದ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕು. ಬೆಳಗಿನ ತಿಂಡಿಗೆ ಒತ್ತು ಶಾವಿಗೆ, ಕಾಯಿಹಾಲು. ಬೇಯಿಸಿದ ಅಕ್ಕಿ ಹಿಟ್ಟಿನ ಉಂಡೆಗಳು ಬಿಸಿಯಾಗಿರುವಾಗಲೇ ಒರಳಿಗೆ ಬೀಳಬೇಕು, ಆರಿದರೆ ಎಳೆ ತುಂಡಾಗುತ್ತದೆ. ಅದನ್ನು ಬಲ್ಲ ಪತ್ನಿ ಅಭ್ಯಾಸಬಲದಿಂದ ಸೆರಗು ಸಿಕ್ಕಿಸಿ ಎದ್ದಾಗ ಮನೆಯೊಡತಿ, "ಅಕ್ಕಾ, ಇವತ್ತು ನೀವು ತಿನ್ನಬೇಕು, ಒತ್ತೋಕೆ ಅಳಿಯಂದಿರಿದ್ದಾರೆ" ಎಂದು ಕೈಹಿಡಿದು ಕೂರಿಸಿದರು. ಅಳಿಯನೂ ಮಗನೂ ಸರದಿಯಂತೆ ಒತ್ತಿದರು. ಮಧ್ಯಾಹ್ನ ಬಾಳೆಯೆಲೆಯ ಮೇಲೆ ಒಂದೆಲಗದ ತಂಬುಳಿ, ಕೆಸುವಿನೆಲೆಯ ಪತ್ರೊಡೆ, ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ಪಾಯಸ, ಜೊತೆಗೆ ಹೆಸರುಕಾಳು ಹಾಕಿದ ಕಳಲೆ (ಎಳೆ ಬಿದಿರು) ಪಲ್ಯ. ಕಳಲೆಯನ್ನು ಹೆಚ್ಚಿ ಮೂರು ದಿನ ನೀರು ಬದಲಿಸುತ್ತಾ ನೆನೆಸದಿದ್ದರೆ ಕಹಿ ಮತ್ತು ನಂಜು ಹೋಗುವುದಿಲ್ಲ. ನಾವು ಬರುವ ಮೊದಲೇ ಅವರು ಅದನ್ನು ಶುರುಮಾಡಿದ್ದರು ಎಂಬುದು ಬಾಯಿಗಿಟ್ಟ ಕೂಡಲೇ ತಿಳಿಯಿತು. ಪತ್ರೊಡೆಯಲ್ಲಿ ಹುಳಿ ಇನ್ನಷ್ಟು ಬೇಕಿತ್ತು, ಕೆಸುವಿನ ತುರಿಕೆ ಇಬ್ಬರು ಮಕ್ಕಳ ಗಂಟಲಿಗೆ ತಟ್ಟಿತು. ಅದೊಂದನ್ನು ಬಿಟ್ಟರೆ ಅಡುಗೆಯಲ್ಲಿ ಹೇಳುವಂಥ ಕೊರತೆ ಇರಲಿಲ್ಲ.

ಕೊರತೆ ಇದ್ದದ್ದು ವಸತಿಯಲ್ಲಿ. ಕರೆಂಟು ಹೋದರೆ ರಾತ್ರಿಯಿಡೀ ಬ್ಯಾಟರಿ ಇರುತ್ತದೆ ಎಂದು ಹೇಳಿದ್ದರು, ಆದರೆ ಅದು ಹನ್ನೊಂದು ಗಂಟೆಗೇ ಸೋತುಹೋಯಿತು, ಜನರೇಟರ್ ಇರಲಿಲ್ಲ. ಅಮ್ಮನಿಗೆ ಕೆಳಗಿನ ಕೋಣೆ ಬೇಕೆಂದು ಮೊದಲೇ ಕೇಳಿಕೊಂಡಿದ್ದರೂ ಅದನ್ನು ಬೇರೆಯವರಿಗೆ ಕೊಟ್ಟಿದ್ದರು. ಕಡಿದಾದ ಮರದ ಮೆಟ್ಟಿಲನ್ನು ಅಮ್ಮ ಟಾರ್ಚಿನ ಬೆಳಕಿನಲ್ಲಿ ಮೊಮ್ಮಗನ ಭುಜ ಹಿಡಿದು ಹತ್ತಿದಾಗ ನನಗೆ ನಿಜಕ್ಕೂ ಸಿಟ್ಟು ಬಂದಿತ್ತು. ಮನೆಯ ಯಜಮಾನರು ಕ್ಷಮೆ ಕೇಳಿ, ಮಾರನೆಯ ರಾತ್ರಿ ತಮ್ಮ ಸ್ವಂತ ಕೋಣೆಯನ್ನೇ ಅಮ್ಮನಿಗೆ ಬಿಟ್ಟುಕೊಟ್ಟರು. ಆದರೂ ಹಿರಿಯರನ್ನು ಕರೆತರುವವರು ಕೋಣೆಯ ಮಾತನ್ನು ಬರವಣಿಗೆಯಲ್ಲಿ ಪಡೆದುಕೊಳ್ಳುವುದು ಒಳ್ಳೆಯದು.

ಊಟ, ವಸತಿ ಸೇರಿ ತಲೆಗೆ ದಿನಕ್ಕೆ 2,200 ರೂಪಾಯಿ, ಐದು ವರ್ಷದೊಳಗಿನ ಮಕ್ಕಳಿಗೆ ಏನೂ ಇಲ್ಲ. ಎಣ್ಣೆನೀರಿಗೂ ಆರತಿಗೂ ಅವರು ಬೇರೆ ಹಣ ಕೇಳಲಿಲ್ಲ. ಮಳೆಗಾಲದಲ್ಲಿ ತೋಟಕ್ಕಿಳಿಯುವವರಿಗೆ ಉಂಬಳದ (ಜಿಗಣೆಯ) ಕಾಟ ತಪ್ಪಿದ್ದಲ್ಲ, ಕಾಲಿಗೆ ಹಚ್ಚಲು ಸುಣ್ಣ ಮತ್ತು ಹೊಗೆಸೊಪ್ಪಿನ ಪುಡಿಯನ್ನು ಬಾಗಿಲಲ್ಲೇ ಇಟ್ಟಿರುತ್ತಾರೆ. ಕಳಲೆ ಬೇಕೆನ್ನುವವರು ನಾಲ್ಕು ದಿನ ಮೊದಲೇ ಹೇಳಬೇಕು.

ಹೊರಡುವಾಗ ಮನೆಯೊಡತಿ ಪತ್ನಿಗೆ ಕುಂಕುಮವಿಟ್ಟು, ಕಣ, ತೆಂಗಿನಕಾಯಿ, ಒಂದು ಭರಣಿ ಅಪ್ಪೆಮಿಡಿ ಕೊಟ್ಟರು. ಮನೆ ತಲುಪುವವರೆಗೂ ಆ ಭರಣಿಯನ್ನು ಅವಳು ಯಾರ ಕೈಗೂ ಕೊಡದೆ ತೊಡೆಯ ಮೇಲೆಯೇ ಇಟ್ಟುಕೊಂಡಿದ್ದಳು.